ಇಬ್ಬರು ಪೆಂಗೆಲ್ಲಿಗಳ ನಡುವಿನ ಚರಂಡಿ

ಒಂದೇ ಹೆಸರಿನ ಇಬ್ಬರು ದೊರೆಗಳ ನಡುವೆ ಚರಂಡಿ ತೆಗೆದವನು ನಮ್ಮ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಇಬ್ಬರೂ ಸತ್ತು ಎಷ್ಟೋ ಕಾಲವಾಗಿತ್ತು ಅನ್ನುವುದು ನನ್ನ ಪುಣ್ಯ. ಸತ್ತ ಮೇಲೇ ಇಷ್ಟು ಕಾಟ ಕೊಟ್ಟವರು ಬದುಕಿದ್ದಿದ್ದರೆ ನನ್ನ ಗತಿ ಏನಾಗುತ್ತಿತ್ತೋ!

ಗಣಿಗಳು ಇಂಗ್ಲಿಷರ ಕೈಬಿಟ್ಟು ಸರ್ಕಾರದ ಕೈಗೆ ಬಂದು ಸ್ವಲ್ಪ ಕಾಲವಾಗಿತ್ತು. ನಾನು ಕೆ.ಜಿ.ಎಫ್.ನ ರಸ್ತೆ, ಚರಂಡಿ, ಕಕ್ಕಸುಗಳನ್ನು ನೋಡಿಕೊಳ್ಳುವ ಕಾಮಗಾರಿ ಕಚೇರಿಯಲ್ಲಿ ಓವರ್‌ಸಿಯರ್. ಮನೆ ಬಂಗಾರಪೇಟೆಯಲ್ಲಿ. ಬೆಳಗಿನ ರೈಲಿನಲ್ಲಿ ಪಾಳಿಗೆ ಹೋಗುವ ಕೂಲಿಗಳ ಮೊಣಕೈ ತಿವಿತ ತಿನ್ನುತ್ತಾ ಹೋಗುವುದು, ಸಂಜೆ ಅದೇ ತಿವಿತ ತಿನ್ನುತ್ತಾ ಬರುವುದು. ನೌಕರಿ ಟೆಂಪರರಿ. ಬೂದಿಕೋಟೆಯ ನಮ್ಮ ಸೋದರಮಾವ ಮಗಳನ್ನು ನನಗೇ ಕೊಡುವುದೆಂದು ಎಂದೋ ಮಾತಾಗಿತ್ತು. ಆದರೆ ಮಾವನದು ಒಂದೇ ಪಟ್ಟು: "ಲೇ ಹುಡ್ಗಾ, ಮದ್ಲು ಕೆಲ್ಸ ಪರ್ಮನೆಂಟ್ ಆಗ್ಲಿ. ಆಮ್ಯಾಕೆ ಓಲಗ ಊದಿಸಾಣ."

ಪರ್ಮನೆಂಟ್ ಮಾಡಬೇಕಾದವರು ನಮ್ಮ ಎಂಜಿನಿಯರು. ಮೈಸೂರಿನ ಕಡೆಯವರು, ಮಾತು ಬೆಣ್ಣೆ. ನಾನು ಹೋಗಿ ಕೇಳಿದಾಗಲೆಲ್ಲ ಕುರ್ಚಿಗೆ ಒರಗಿಕೊಂಡು, "ನೀವು ತುಂಬಾ ಒಳ್ಳೇವ್ರು ಕಣ್ರೀ. ನಿಮ್ಮದೇನು ಆಗೇ ಆಗುತ್ತೆ. ಆ ಸ್ಟೋರ್‌ಕೀಪರ್ ಇದಾನಲ್ಲ, ದಿನಾ ಬಂದು ಕೂಗಾಡ್ತಾನೆ. ಅವನದೊಂದು ಮುಗಿಸಿಬಿಡ್ತೀನಿ, ಆಮೇಲೆ ನಿಮ್ಮದು" ಅನ್ನುತ್ತಿದ್ದರು. ನಾನು ಕೈಮುಗಿದು ಹೊರಗೆ ಬರುತ್ತಿದ್ದೆ. ಒಳ್ಳೆಯವನು ಅನ್ನಿಸಿಕೊಂಡ ಸಂತೋಷವೂ ಸ್ವಲ್ಪ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಬೇಸಿಗೆಯಲ್ಲಿ ಅವರೇ ಕರೆದು ಕೆಲಸ ಒಪ್ಪಿಸಿದರು. ಉರಿಗಾಂ ಕಡೆಯ ದಿಣ್ಣೆಯ ಮೇಲೆ ಇಂಗ್ಲಿಷರ ಹಳೆಯ ಸ್ಮಶಾನ. ಅದರ ಕೆಳಗೆ ಕೂಲಿಗಳ ಲೈನ್ ಮನೆಗಳು. ಮಳೆ ಬಂದರೆ ದಿಣ್ಣೆಯ ನೀರೆಲ್ಲ ಸ್ಮಶಾನದ ಮೂಲೆ ಹಾಯ್ದು ಕೆಳಗಿನ ಸಾಲಿನ ಮನೆಗಳಿಗೆ ನುಗ್ಗುತ್ತಿತ್ತು. ಆ ಹೆಂಗಸರು ನನ್ನನ್ನು ಕಂಡರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುತ್ತಿದ್ದರು. ಒಂದರಲ್ಲಲ್ಲ ಒಂದರಲ್ಲಾದರೂ ನನಗೆ ಅರ್ಥವಾಗಲಿ ಅಂತ. ಮುಂಗಾರಿಗೆ ಮೊದಲು ಅಲ್ಲಿ ಕಲ್ಲಿನ ಚರಂಡಿ ಕಟ್ಟಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಬೇಕು.

"ಇದೊಂದು ಮುಗಿಸಿಕೊಡಿ, ನಿಮ್ಮ ಕಾಗದಕ್ಕೆ ಕಣ್ಣು ಮುಚ್ಚಿ ಸೈನ್ ಹಾಕ್ತೀನಿ" ಅಂದರು ಎಂಜಿನಿಯರು. "ಒಂದೇ ವಿಷಯ. ಇಂಗ್ಲೆಂಡಿನಿಂದ ಒಬ್ಬ ಮುದುಕಿ ತಾತನ ಸಮಾಧಿ ನೋಡೋಕೆ ಬರ್ತಾ ಇದಾರಂತೆ. ಮೇಲಿನ ಕಚೇರಿಯಿಂದ ಫೋನ್ ಬಂದಿದೆ. ತಾತನ ಹೆಸರು ಹೆನ್ರಿ ಪೆಂಗೆಲ್ಲಿ. ಆ ಗೋರಿ ಒಂದು ಮುಟ್ಟಬೇಡಿ, ಸುಣ್ಣ ಬಳಿಸಿ ಚೆನ್ನಾಗಿಡಿ. ಉಳಿದದ್ದು ಏನಾದರೂ ಮಾಡ್ಕೊಳ್ಳಿ."

ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್ ಹೊತ್ತುಕೊಂಡು, ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಇಳಿಜಾರು ನೋಡಿದೆ. ನೀರು ಇಳಿಯುವ ಜಾಗ ಒಂದೇ. ಆ ಜಾಗದ ನಟ್ಟನಡುವೆ ಆನೆ ಮಲಗಿದಂಥ ಬಂಡೆ. ಬಂಡೆಯ ಎಡಕ್ಕೆ ಒಂದು ಗೋರಿ, ಬಲಕ್ಕೆ ಒಂದು ಗೋರಿ. ಎಡಕ್ಕೆ ಹೋದರೆ ಎಡಗಡೆ ಗೋರಿ ಎತ್ತಬೇಕು, ಬಲಕ್ಕೆ ಹೋದರೆ ಬಲಗಡೆಯದು. ಸರಿ, ಪೆಂಗೆಲ್ಲಿ ಯಾವುದು ನೋಡೋಣ ಅಂತ ಎಡಗಡೆ ಕಲ್ಲಿನ ಪಾಚಿ ಉಜ್ಜಿದೆ. ಹೆನ್ರಿ ಪೆಂಗೆಲ್ಲಿ. ಗೆದ್ದೆ ಅಂದುಕೊಂಡು, ಇರಲಿ ಅಂತ ಬಲಗಡೆಯದನ್ನೂ ಉಜ್ಜಿದೆ. ಹೆನ್ರಿ ಪೆಂಗೆಲ್ಲಿ!

ಹೆಸರಿನ ಕೆಳಗೆ ಇಬ್ಬರಿಗೂ ಏನೇನೋ ಬರೆದಿದ್ದಿರಬೇಕು. ಆದರೆ ಆ ಅಕ್ಷರಗಳನ್ನು ಸೀಸದಲ್ಲಿ ಕೂರಿಸಿದ್ದರು. ಸೀಸವನ್ನು ಯಾವನೋ ಪುಣ್ಯಾತ್ಮ ಕಿತ್ತುಕೊಂಡು ಹೋಗಿ ಕರಗಿಸಿದ್ದ. ಕಲ್ಲಿನಲ್ಲೇ ಕೊರೆದಿದ್ದ ಹೆಸರು ಮಾತ್ರ ಉಳಿದಿತ್ತು. ಪಾದ್ರಿಯವರನ್ನು ಕೇಳಿದೆ. ಹಳೆಯ ಪುಸ್ತಕಗಳನ್ನು ಗೆದ್ದಲು ತಿಂದು ಬಹಳ ದಿನವಾಯಿತು, ಮಗನೇ, ಅಂದರು.

ಊರಿನ ಮುದುಕರನ್ನು ಹಿಡಿದೆ. ಮುದುಕರಿಗೇನು, ಬೀಡಿ ಕೊಟ್ಟರೆ ಕಥೆ ಕೊಡುತ್ತಾರೆ. ಹೌದು, ಇಬ್ಬರು ಪೆಂಗೆಲ್ಲಿ ದೊರೆಗಳಿದ್ದರು, ಇಬ್ಬರೂ ಹೆಸರುವಾಸಿ. ಒಬ್ಬ ಗಣಿ ಕ್ಯಾಪ್ಟನ್. ಭೂಮಿಯೊಳಗೆ ಕೆಲಸ ಮಾಡಿಸುವ ಇಂಗ್ಲಿಷರನ್ನು ಆಗ ಹಾಗೆ ಕರೆಯುತ್ತಿದ್ದರು. ಗಣಿಗೆ ಇಳಿಯುವ ಆಳದ ಬಾವಿ ತೋಡಿಸಿದವನು ಅವನೇ. ಬಾಯಲ್ಲಿ ಸದಾ ಚುಟ್ಟಾ, ಕೈಯಲ್ಲಿ ಸದಾ ಬೆತ್ತ. ಅವನ ಬೂಟಿನ ಸದ್ದು ಕೇಳಿದರೆ ಗಂಡಸರು ಚಡ್ಡಿಯಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದರಂತೆ. ಇನ್ನೊಬ್ಬ ಡಾಕ್ಟರು. ಪ್ಲೇಗು ಬಂದಾಗ ಉಳಿದವರು ಊರು ಬಿಟ್ಟು ಓಡಿದರೆ ಈತ ಗುಡಿಸಲು ಗುಡಿಸಲಿಗೂ ನುಗ್ಗಿ, ಗಡ್ಡೆ ಎದ್ದವರನ್ನು ತನ್ನ ಕೈಯಿಂದಲೇ ಎತ್ತಿ ಹೊರಗೆ ತಂದು ಮಲಗಿಸಿದವನು. ಕೊನೆಗೆ ಅದೇ ಪ್ಲೇಗಿನಲ್ಲಿ ಸತ್ತ. ಯಾವ ಗೋರಿ ಯಾರದು ಅಂದರೆ ಮಾತ್ರ ಒಬ್ಬ ಎಡಕ್ಕೆ ಕೈತೋರಿಸಿದ, ಒಬ್ಬ ಬಲಕ್ಕೆ, ಮೂರನೆಯವನು ಇನ್ನೊಂದು ಬೀಡಿ ಕೇಳಿದ.

ಇಷ್ಟಕ್ಕೆಲ್ಲ ಬಗ್ಗುವವನಲ್ಲ ನಾನು, ಡಿಪ್ಲೊಮಾ ಮಾಡಿದವನು. ತಲೆ ಓಡಿಸಿದೆ. ಎಡಗಡೆ ಗೋರಿಯ ಮೇಲೆ ಕುಂಕುಮ, ನಿಂಬೆಹಣ್ಣು, ಬೇಯಿಸಿದ ಮೊಟ್ಟೆಯ ಸಿಪ್ಪೆ, ರಾಶಿ ರಾಶಿ ಚುಟ್ಟಾದ ತುಂಡು. ಭಾನುವಾರ ಬಂತೆಂದರೆ ಗಣಿಗೆ ಇಳಿಯುವವರ ಮನೆಯವರು ಅಲ್ಲಿಗೆ ಬಂದು ಚುಟ್ಟಾ ಹಚ್ಚಿಟ್ಟು ಕೈಮುಗಿದು ಹೋಗುತ್ತಾರೆ. ಬಲಗಡೆ ಗೋರಿಯ ಮೇಲೆ ಆಡಿನ ಹಿಕ್ಕೆ ಬಿಟ್ಟರೆ ಏನೂ ಇಲ್ಲ. ಜನ ಯಾರನ್ನು ಪೂಜಿಸುತ್ತಾರೆ? ಪ್ರಾಣ ಕೊಟ್ಟು ಕಾಪಾಡಿದವನನ್ನು. ಹಾಗಾದರೆ ಎಡಗಡೆ ಡಾಕ್ಟರು, ಬಲಗಡೆ ಆ ಬೆತ್ತದ ಕ್ಯಾಪ್ಟನ್. ಸಮುದ್ರ ದಾಟಿ ಮೊಮ್ಮಗಳು ನೋಡಲು ಬರುತ್ತಾಳೆ ಅಂದರೆ ಅಂಥ ತಾತ ಡಾಕ್ಟರೇ ಆಗಿರಬೇಕು. ಬಲಗಡೆಯದನ್ನು ಎತ್ತೋಣ. ಚುಟ್ಟಾ ಸೇದುತ್ತಿದ್ದವನು ಕ್ಯಾಪ್ಟನ್ ಅಲ್ಲವಾ ಅನ್ನುವುದು ನನಗೆ ಹೊಳೆಯಲೇ ಇಲ್ಲ! ಚುಟ್ಟಾ ಅಂದರೆ ಊದುಬತ್ತಿಯ ಹಾಗೆ ಏನೋ ಒಂದು ಅಂದುಕೊಂಡಿದ್ದೆ.

ಎಂಜಿನಿಯರು ತಲೆದೂಗಿದರು. ಬಲಗಡೆಗೆ ಗೂಟ ಹೊಡೆದು ಸುಣ್ಣದ ಗೆರೆ ಎಳೆಸಿದೆ. "ಸಾರ್, ಇಂದ ಪಕ್ಕಂ, ಈ ಕಡೆ, ಯಾರೂ ಬರಲ್ಲ, ಆಡು ಮಾತ್ರ. ಜಮಾಯಿಸಿಬಿಡೋಣ" ಅಂತ ತಮಿಳಿನ ಮೇಸ್ತ್ರಿಯೂ ಹುರುಪಾದ. ಬಲಗಡೆ ಗೋರಿಯ ಶಿಲುಬೆಯನ್ನು ಹಗ್ಗ ಕಟ್ಟಿ ನಿಧಾನವಾಗಿ ಇಳಿಸಿ ಪಕ್ಕಕ್ಕೆ ಮಲಗಿಸಿದೆವು. ಮೇಲಿನಿಂದ ಕಾಲುವೆಯ ಮಣ್ಣು ತೆಗೆಯುತ್ತಾ ಬಂದೆವು. ಇತ್ತ ಎಡಗಡೆ ಗೋರಿಯ ಮೇಲೆ ನನ್ನ ಭಕ್ತಿಯನ್ನೆಲ್ಲ ಸುರಿದೆ. ಚುಟ್ಟಾ ತುಂಡುಗಳನ್ನು ಗುಡಿಸಿಸಿದೆ. ಎಣ್ಣೆ ಜಿಡ್ಡು, ಕುಂಕುಮ ಎಲ್ಲ ಸೋಡಾಪುಡಿ ಹಾಕಿ ತಿಕ್ಕಿಸಿದೆ. ಮೂರು ಕೈ ಸುಣ್ಣ ಬಳಿಸಿ, ಸುತ್ತಲಿನ ಕಂಬಿಗೆ ಬೆಳ್ಳಿ ಬಣ್ಣ ಹೊಡೆಸಿದೆ. ಬಿಸಿಲಿನಲ್ಲಿ ಮದುಮಗನ ಹಾಗೆ ಹೊಳೆಯುತ್ತಿತ್ತು.

ಮಾರನೆಯ ಬೆಳಿಗ್ಗೆ ಏರ್‌ಬ್ಲಾಸ್ಟ್ ಆಯಿತು. ಭೂಮಿಯ ಆಳದಲ್ಲಿ ಬಂಡೆ ಸಿಡಿಯುವುದು, ಮೇಲೆ ಮನೆಗಳಲ್ಲಿ ಪಾತ್ರೆ ಕುಣಿಯುವುದು ಅಲ್ಲಿ ಹೊಸದಲ್ಲ. ಅವತ್ತು ಯಾರಿಗೂ ಏನೂ ಆಗಲಿಲ್ಲ, ಆದರೆ ನಂದಿದುರ್ಗ ಅನ್ನುವ ನಮ್ಮಲ್ಲಿನ ಗಣಿಯೊಳಗಿದ್ದವರ ಟೋಪಿಗಳ ಮೇಲೆಲ್ಲ ಪುಡಿಕಲ್ಲು ಉದುರಿತ್ತು. ನಮ್ಮ ಮಾವನ ದೊಡ್ಡ ಮಗ ಅಲ್ಲೇ ಕೆಲಸಕ್ಕಿದ್ದ. ಅವನಿಗಾಗಿ ಮಾವನೂ ಆ ಗೋರಿಗೆ ಚುಟ್ಟಾ ಇಡುತ್ತಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಸುದ್ದಿ ಹೋಗಿ ಮಾವ ಬೂದಿಕೋಟೆಯಿಂದ ಸಿಕ್ಕಿದ ಮೊದಲ ಬಸ್ಸಿಗೇ ಬಂದಿಳಿದರು. ಮಗನನ್ನು ನೋಡಿ, ಅಲ್ಲಿಂದ ನೆಟ್ಟಗೆ ಸ್ಮಶಾನಕ್ಕೆ. ಹಿಂದೆ ಲೈನ್ ಮನೆಗಳ ಅರ್ಧ ಜನ.

ಸುಣ್ಣ ಬಳಿದ ಗೋರಿ ಕಂಡದ್ದೇ ಮಾವ ಹೆಗಲ ಮೇಲಿನ ಟವಲ್ ಕೆಳಗೆ ಒಗೆದರು. "ಯಾವನ್ಲಾ ಅವ್ನು? ಯಾವನ್ಲಾ ಕ್ಯಾಪ್ಟನ್ ದೊರೆ ಚುಟ್ಟಾ ಗುಡ್ಸಿದೋನು?"

"ಮಾವ, ನಾನೇ ಗುಡಿಸಿಸಿದ್ದು... ಕ್ಯಾಪ್ಟನ್ನಾ? ಡಾಕ್ಟರಲ್ವಾ ಇದು?"

"ಡಾಕ್ಟ್ರು ಅಗೋ ಅಲ್ಲವ್ನೆ!" ಅಂತ ಬಲಗಡೆ ತೋರಿಸಿದರು. ಅಲ್ಲಿ ಶಿಲುಬೆ ಮಣ್ಣಿನ ಮೇಲೆ ಅಂಗಾತ ಮಲಗಿತ್ತು. "ಇವ್ನು ಕ್ಯಾಪ್ಟನ್ನು. ಚುಟ್ಟಾ ಇಲ್ದೆ ಒಂದ್ ಗಳಿಗೆ ಇರ್ತಿರ್ನಿಲ್ವಂತೆ ಬದ್ಕಿದ್ದಾಗ. ನೀನು ಓಗಿ ಬಾಯಲ್ಲಿದ್ದದ್ನೇ ಕಿತ್ಕೊಂಡಿದ್ದೀಯ. ಭೂಮಿ ನಡುಗ್ದೆ ಇನ್ನೇನ್ಲಾ ಆಯ್ತದೆ?"

"ಅಲ್ಲ ಮಾವ, ಆ ಕ್ಯಾಪ್ಟನ್ ಜನಕ್ಕೆ ಬೆತ್ತದಲ್ಲಿ ಹೊಡೀತಿದ್ದ. ಡಾಕ್ಟರು ಪ್ಲೇಗಿನಲ್ಲಿ ಪ್ರಾಣ ಬಿಟ್ಟರು. ನೀವು ಹೋಗಿ ಹೊಡೆದವನಿಗೆ ಪೂಜೆ ಮಾಡ್ತೀರಲ್ಲ?"

ಮಾವ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. "ಒಳ್ಳೇನ್ಗೆ ಯಾಕ್ಲಾ ಕೊಡ್ಬೇಕು? ಅವ್ನು ಕೊಡ್ದಿದ್ರೂ ಸುಮ್ಕಿರ್ತಾನೆ. ಕ್ವಾಪ ಇರೋನ್ಗೆ ಕೊಡ್ಬೇಕು. ಇವ್ನು ಕೆಳ್ಗೆ ಕಾವಲಿದ್ರೆ ದೆವ್ವ ಅಲ್ಲ, ಬಂಡೆ ಕೂಡಾ ಎದ್ರುಕೊಂಡು ನಿಂತ್ಕಂತದೆ."

ಜನವೆಲ್ಲ ಹೂಂಗುಟ್ಟಿತು. ಅವರ ಲೆಕ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಅಲ್ಲೇ ಒಂದು ಕಟ್ಟು ಚುಟ್ಟಾ ತರಿಸಿ, ಹಚ್ಚಿಟ್ಟು, ನನ್ನನ್ನು ಅಡ್ಡಬೀಳಿಸಿದರು. ಸುಣ್ಣದ ಮೇಲೆ ಹೊಸ ಕುಂಕುಮ ಬಿತ್ತು.

"ಹಾಗಾದರೆ ಈಗ ಡಾಕ್ಟರ ಗೋರಿ ಏನು ಮಾಡೋದು ಮಾವ?"

"ತೆಗ್ದಾಕು. ಅವ್ನು ಒಳ್ಳೇನು, ಏನೂ ಅನ್ಕಣಲ್ಲ."

ಎಂಜಿನಿಯರ ಹತ್ತಿರ ಓಡಿದೆ. ಮೊಮ್ಮಗಳು ಯಾವ ಪೆಂಗೆಲ್ಲಿಯವಳೋ ಗೊತ್ತಿಲ್ಲ, ಮೇಲಿನ ಕಚೇರಿಗೆ ಕೇಳಿ ಅಂದೆ. ಕೇಳಿದರೆ ನಮ್ಮ ಮಾನ ಹೋಗುತ್ತದೆ ಅಂದರು. "ಜನ ಎಡಗಡೆಯದನ್ನ ಮುಟ್ಟೋಕೆ ಬಿಡಲ್ಲ. ಬಲಗಡೆಯದಕ್ಕೆ ಕೇಳೋರು ಯಾರೂ ಇಲ್ಲ. ಮುಗಿಸ್ರೀ ಅತ್ಲಾಗೆ" ಅಂತ ಬಸ್ಸು ಹತ್ತಿ ಬೆಂಗಳೂರಿನ ಮೀಟಿಂಗಿಗೆ ಹೋದರು.

ವಾಪಸು ಬಂದು ಮಲಗಿದ್ದ ಶಿಲುಬೆಯ ಪಕ್ಕ ಕುಳಿತೆ. ಮೇಸ್ತ್ರಿ ಗುದ್ದಲಿ ಹಿಡಿದು ನನ್ನ ಮುಖ ನೋಡುತ್ತಿದ್ದ. ಈ ಮನುಷ್ಯ ಪರದೇಶದಿಂದ ಬಂದು ನಮ್ಮ ಜನರ ಗಡ್ಡೆ ಮುಟ್ಟಿ ಸತ್ತ. ಅದಕ್ಕೆ ಅವನಿಗೆ ಸಿಕ್ಕಿದ್ದು ಆಡಿನ ಹಿಕ್ಕೆ. ಈಗ ಮೈಮೇಲೆ ಚರಂಡಿ ನೀರು. ಯಾಕೆ? ಏನೂ ಅನ್ನಲ್ಲ ಅಂತ! ಕೂಗಾಡುವವನ ಕೆಲಸ ಮೊದಲು, ಸುಮ್ಮನಿರುವವನದು ಆಮೇಲೆ. ಎಲ್ಲೋ ಕೇಳಿದ ಮಾತು ಅನ್ನಿಸಿತು. ನನ್ನ ಪರ್ಮನೆಂಟ್ ಹಾಳಾಗಿ ಹೋಗಲಿ, ಈ ಗೋರಿ ಎತ್ತುವುದಿಲ್ಲ ಅಂತ ತೀರ್ಮಾನ ಮಾಡಿದೆ. ಎಡಕ್ಕೂ ಬೇಡ, ಬಲಕ್ಕೂ ಬೇಡ, ನಡುವಿನ ಬಂಡೆಯನ್ನೇ ಸೀಳಬೇಕು.

ಹೇಳುವುದು ಸುಲಭ. ಮದ್ದಿಟ್ಟು ಸಿಡಿಸಿದರೆ ಎರಡು ಗೋರಿಯೂ ಬಿರುಕು ಬಿಡುತ್ತವೆ. ಬೆಂಕಿ ಹಾಕಿ ಬಂಡೆ ಎಬ್ಬಿಸಬೇಕು. ಆ ಕಸುಬಿನವರು ಬೂದಿಕೋಟೆ ಕಡೆ ಇದ್ದರು, ಅವರು ಬರುವುದು ಮಾವನ ಮಾತಿಗೆ. ಮಾವನೋ, "ಒಳ್ಳೇನ್ಗೋಸ್ಕರ ಬಂಡೆ ಒಡೀತಾರೇನ್ಲಾ? ಬುದ್ದಿಗಿದ್ದಿ ಐತಾ?" ಅಂತ ಎದ್ದೇಬಿಟ್ಟರು. ನ್ಯಾಯ ಹೇಳಿದೆ, ಕಿವಿಗೆ ಹೋಗಲಿಲ್ಲ. ಆಗ ಏನೋ ಹೊಳೆಯಿತು.

"ಮಾವ, ನಿಮ್ಮ ಮನೆತನದಲ್ಲಿ ಎಷ್ಟು ಜನ ವೆಂಕಟೇಶಪ್ಪ ಇದ್ದಾರೆ?"

"ನಾಕು ಜನ ಅವ್ರೆ. ನಮ್ ತಾತನ ಎಸ್ರಲ್ವಾ, ನಾಕೂ ಮನೇವ್ರು ಇಟ್ಕೊಂಡವ್ರೆ."

"ಇಲ್ಲಿ ಇಬ್ಬರ ಹೆಸರೂ ಒಂದೇ. ಮನೆತನದ ಹೆಸರೂ ಒಂದೇ. ಏನರ್ಥ?"

ಮಾವ ಎಡಗಡೆ ನೋಡಿದರು, ಬಲಗಡೆ ನೋಡಿದರು. ನಿಧಾನವಾಗಿ ಕಣ್ಣು ಅಗಲವಾಯಿತು. "ಓರಿ ನಾಯನಾ! ದಾಯಾದಿಗ್ಳಾ?"

"ಮತ್ತೆ? ದಾಯಾದಿಯ ಗೋರಿ ಕಿತ್ತು ಮೇಲೆ ಬಚ್ಚಲ ನೀರು ಬಿಟ್ಟರೆ ಕ್ಯಾಪ್ಟನ್ ಸುಮ್ಮನೆ ಚುಟ್ಟಾ ಸೇದುತ್ತಾ ಕೂತಿರ್ತಾನಾ?"

ಮಾವ ಲೋಕ ಕಂಡವರು, ಅಷ್ಟು ಸುಲಭಕ್ಕೆ ಬೀಳುವವರಲ್ಲ. "ದಾಯಾದಿ ಅಂದ್ಮ್ಯಾಕೆ ಇಬ್ಬರ್ಗೂ ಆಗಿರಕಿಲ್ಲ ಕಣ್ಲಾ. ಚರಂಡಿ ಬಿಟ್ರೆ ಅವ್ನಿಗೆ ಕುಸಿಯೇ ಆಗ್ಬೋದು."

"ಬದುಕಿದ್ದಾಗ ಜಗಳ ಮಾವ. ಸತ್ತ ಮೇಲೆ ಸೂತಕ ಇಬ್ಬರಿಗೂ ಒಂದೇ ಅಲ್ವಾ?"

ಈ ಮಾತು ನಾಟಿತು. ಮೊನ್ನೆ ಮೊನ್ನೆ ಅವರು ತಮ್ಮ ಪರಮಶತ್ರುವಾದ ದಾಯಾದಿ ಸತ್ತಾಗ ತಲೆ ಬೋಳಿಸಿಕೊಂಡಿದ್ದರು, ಕೂದಲು ಇನ್ನೂ ಸರಿಯಾಗಿ ಬಂದಿರಲಿಲ್ಲ. ತಲೆ ಸವರಿಕೊಂಡರು. "ಅದೂ ದಿಟಾನೆ. ಬತ್ತೀನಿ ಇರು, ಕಲ್ಲೊಡೆಯೋರ್ನ ಕರ್ಕೊಂಡ್ ಬತ್ತೀನಿ" ಅಂದರು.

ಬಂಡೆ ಎಬ್ಬಿಸುವುದನ್ನು ಕಾಲೇಜಿನಲ್ಲಿ ಕಲಿಸಿರಲಿಲ್ಲ. ಸೀಳಬೇಕಾದ ಅಗಲಕ್ಕೆ ಸೌದೆ ಹರಡಿ ಸಣ್ಣಗೆ ಉರಿಸುತ್ತಾರೆ. ಉರಿ ಜಾಸ್ತಿಯಾದರೆ ಬಂಡೆ ಪುಡಿಯಾಗುತ್ತದೆ, ಕಡಿಮೆಯಾದರೆ ಅಲ್ಲಾಡುವುದಿಲ್ಲ. ಒಬ್ಬ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಸದ್ದು ಕೇಳುತ್ತಾ ಹೋಗುತ್ತಾನೆ. ಗಟ್ಟಿ ಸದ್ದು ಹೋಗಿ ಡೊಳ್ಳು ಸದ್ದು ಬಂದರೆ ಆ ಪದರ ಎದ್ದಿದೆ ಅಂತ. ಆಗ ಬೆಂಕಿಯನ್ನು ಮುಂದಕ್ಕೆ ತಳ್ಳುವುದು, ಹಿಂದಿನದನ್ನು ಉಳಿ ಹಾಕಿ ಚಪ್ಪಡಿ ಚಪ್ಪಡಿಯಾಗಿ ತೆಗೆಯುವುದು. ಎದ್ದ ಚಪ್ಪಡಿಗಳೇ ಚರಂಡಿಯ ಗೋಡೆಗೆ ಬಂದವು. ಗೋರಿಗಳಿಗೆ ಶಾಖ ತಾಗದಿರಲಿ ಅಂತ ಎರಡೂ ಕಡೆ ಒದ್ದೆ ಗೋಣಿ ಹೊದಿಸಿದ್ದೆವು. ಗಣಿಯವರು ಪಾಳಿ ಮುಗಿಸಿ ಬಂದು ಉಳಿ ಹೊಡೆದುಕೊಟ್ಟರು. ಬಂಡೆಯ ಮೇಲೆ ಬೆಂಕಿ, ಗೋರಿಯ ಮೇಲೆ ಚುಟ್ಟಾ. ಹೊಗೆಗೆ ಕೆಮ್ಮಿ ಕೆಮ್ಮಿ ನನ್ನ ಪಕ್ಕೆಲುಬು ನೋಯುತ್ತಿತ್ತು. ಡಾಕ್ಟರ ಶಿಲುಬೆಯನ್ನು ಗಾರೆ ಹಾಕಿ ಮತ್ತೆ ನಿಲ್ಲಿಸಿದೆ. ತೂಕದ ಗುಂಡು ಬಿಟ್ಟು ನೆಟ್ಟಗಿದೆಯಾ ಅಂತ ನಾನೇ ನೋಡಿದೆ, ಆ ಕೆಲಸ ಯಾರಿಗೂ ಬಿಡಲಿಲ್ಲ.

ಕೊನೆಯ ಕಲ್ಲು ಕೂರಿಸಿದ ವಾರದಲ್ಲೇ ಮಳೆ ಹೊಡೆಯಿತು. ಕೊಡೆ ಹಿಡಿದು ಓಡಿ ನೋಡಿದರೆ ಕೆಂಪು ನೀರು ಇಬ್ಬರು ಪೆಂಗೆಲ್ಲಿಗಳ ನಡುವೆ ಸಾಫಾಗಿ ಇಳಿದು ಹಳ್ಳಕ್ಕೆ ಹೋಗುತ್ತಿತ್ತು. ಕೆಳಗಿನ ಸಾಲಿನ ಮನೆಗಳ ಮುಂದೆ ಹೆಂಗಸರು ಒಣ ಕಾಲಿನಲ್ಲಿ ನಿಂತಿದ್ದರು. ಆವತ್ತು ಒಂದು ಭಾಷೆಯಲ್ಲೂ ಯಾರೂ ನನ್ನನ್ನು ಬೈಯಲಿಲ್ಲ. ನನಗೆ ಕುಣಿಯೋಣ ಅನ್ನಿಸಿತು.

ಮಳೆ ನಿಂತ ಮೇಲೆ ಇಂಗ್ಲಿಷ್ ಅಜ್ಜಿ ಬಂದರು. ಎಂಜಿನಿಯರು ಹಾರ ಹಿಡಿದಿದ್ದರು. ಮಾವನೂ ಮಡಿ ಪಂಚೆ ಉಟ್ಟು ಬಂದಿದ್ದರು. ಆಕೆ ಕಾರಿನಿಂದಿಳಿದು, ತಮ್ಮ ತಾತ ಕ್ಯಾಪ್ಟನ್ ಹೆನ್ರಿ ಪೆಂಗೆಲ್ಲಿ ಎಲ್ಲಿ ಅಂದರು. ಎಂಜಿನಿಯರು ನನ್ನ ಕಡೆ ಬೀರಿದ ನೋಟ ಇನ್ನೂ ನೆನಪಿದೆ. ಉಳಿಸಬೇಕಾದದ್ದು ಎಡಗಡೆಯದು ಮಾತ್ರ ಅಂತಾದ ಮೇಲೆ ಬಲಗಡೆಯದು ಎತ್ತಬಹುದಿತ್ತು, ಬಂಡೆಗೆ ಸುಟ್ಟ ಸೌದೆಯೆಲ್ಲ ದಂಡ!

ಅಜ್ಜಿ ಕುಂಕುಮ, ಮೊಟ್ಟೆ, ಉರಿಯುತ್ತಿದ್ದ ಚುಟ್ಟಾ ಎಲ್ಲ ನೋಡಿ ಕಣ್ಣು ಒರೆಸಿಕೊಂಡರು. "ನಮ್ಮ ಮನೆಯಲ್ಲಿ ಎಲ್ಲರಿಗೂ ಅವರನ್ನು ಕಂಡರೆ ಭಯ. ಯಾರೂ ಒಂದು ಒಳ್ಳೆಯ ಮಾತು ಆಡಿದ್ದು ನಾನು ಕೇಳಿಲ್ಲ. ಇಲ್ಲಿನ ಜನ ಅವರನ್ನು ಇಷ್ಟು ಪ್ರೀತಿಸುತ್ತಾರೆ ಅಂತ ಗೊತ್ತೇ ಇರಲಿಲ್ಲ" ಅಂದರು.

"ಏನಂತಾಳ್ಲಾ ಆಯಮ್ಮ?" ಅಂದರು ಮಾವ.

"ತಾತ ತುಂಬಾ ಒಳ್ಳೆಯವರಿದ್ದರು ಅಂತ ಇವತ್ತು ತಿಳೀತಂತೆ."

"ಅಯ್ಯೋ ಕೂಸೇ, ಅದ್ಕೇನೂ ಗೊತ್ತಿಲ್ಲ ಪಾಪ. ಏಳ್ಬೇಡ ಬಿಡು. ಆ ಕಡೆ ಇರೋನು ಇವ್ರಿಗೆ ಏನಾಗ್ಬೇಕು ಅಂತ ಕೇಳು."

ಕೇಳಿದೆ. ಅಜ್ಜಿ ನಕ್ಕರು. ಏನೂ ಆಗಬೇಕಿಲ್ಲವಂತೆ. ಅವರ ಸೀಮೆಯಲ್ಲಿ ಪೆಂಗೆಲ್ಲಿಗಳು ಬೀದಿಗಿಬ್ಬರಂತೆ. ಇಲ್ಲಿದ್ದಾಗ ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗಿ ಈ ಇಬ್ಬರೂ ಮಾತು ಬಿಟ್ಟಿದ್ದರಂತೆ.

ಮಾವ ಕಾಯುತ್ತಿದ್ದರು. ಬೂದಿಕೋಟೆಯ ಕಲ್ಲೊಡೆಯುವವರೂ ಕಾಯುತ್ತಿದ್ದರು.

"ದಾಯಾದಿಗಳೇ ಅಂತೆ" ಅಂದೆ.

ಮಾವ ಎಲ್ಲರ ಕಡೆ ತಿರುಗಿ ಮೀಸೆ ತೀಡಿದರು.

ವಾರದ ಮೇಲೆ ಕಚೇರಿಗೆ ಹೋದರೆ ಸ್ಟೋರ್‌ಕೀಪರ್ ಲಡ್ಡು ಹಂಚುತ್ತಿದ್ದ. ಅವನದು ಪರ್ಮನೆಂಟ್ ಆಗಿತ್ತು. ನಾನು ಒಳಗೆ ಹೋದೆ. ಎಂಜಿನಿಯರು ಕುರ್ಚಿಗೆ ಒರಗಿಕೊಂಡರು. "ನೋಡ್ರೀ, ಬಂಡೆ ಒಡೆದು ಖರ್ಚು ಜಾಸ್ತಿ ಮಾಡಿಬಿಟ್ರಿ. ನಿಮ್ಮ ಕಾಗದ ಈಗ ಬೇಡ, ಮುಂದಿನ ವರ್ಷ ನೋಡೋಣ. ನೀವು ಒಳ್ಳೇವ್ರು, ನೀವೇನೂ ಅಂದ್ಕೊಳ್ಳಲ್ಲ ಅಂತ ನನಗೆ..."

"ಅಂದ್ಕೋತೀನಿ!" ಅಂತ ಕಿರುಚಿದೆ.

ಹೊರಗೆ ಟೈಪು ಹೊಡೆಯುವ ಸದ್ದು ನಿಂತಿತು. ನನ್ನ ಗಂಟಲಲ್ಲಿ ಅಂಥ ಸದ್ದಿದೆ ಅಂತ ನನಗೇ ಗೊತ್ತಿರಲಿಲ್ಲ. "ಯಾರ್ರೀ ಒಳ್ಳೇವ್ನು? ನಾನು ಒಳ್ಳೇವ್ನಲ್ಲ! ಇವತ್ತು ಸೈನ್ ಹಾಕದಿದ್ರೆ ನಾಳೆ ಆ ಚರಂಡಿ ಮುಚ್ಚಿ ಬಂಡೆ ವಾಪಸ್ ಇಟ್ಬಿಡ್ತೀನಿ! ಲೈನ್ ಮನೆ ಹೆಂಗಸರನ್ನೆಲ್ಲ ಕರೆದು ತಂದು ನಿಮ್ಮ ಈ ಟೇಬಲ್ ಸುತ್ತ ಕೂರಿಸ್ತೀನಿ! ಮೂರೂ ಭಾಷೆ ಬರುತ್ತೆ ಅವರಿಗೆ!" ಅಂತ ಮೇಜು ಗುದ್ದಿದೆ. ಇಂಕಿನ ಬಾಟ್ಲಿ ಹಾರಿ ಬಿತ್ತು. ಇನ್ನೂ ಏನೇನೋ ಅಂದೆ, ಅವೆಲ್ಲ ಅಚ್ಚು ಹಾಕಿಸುವ ಮಾತಲ್ಲ.

ಬಂಡೆಯನ್ನು ಹೇಗೆ ವಾಪಸು ಇಡುತ್ತೀರಿ ಅಂತ ಅವರು ಕೇಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದರು, ಪೆನ್ನು ತೆಗೆದರು, ಸೈನ್ ಹಾಕಿದರು. ಆಮೇಲೆ ಮೆಲ್ಲಗೆ, "ಕೂತ್ಕೊಳ್ಳಿ, ಕಾಫಿ ತರಿಸ್ಲಾ?" ಅಂದರು. ಕೂತುಕೊಂಡು ಕಾಫಿ ಕುಡಿದೇ ಹೊರಟೆ.

ಸಂಜೆ ಬಂಗಾರಪೇಟೆಯಲ್ಲಿ ಇಳಿದು, ಮನೆಗೂ ಹೋಗದೆ ಬೂದಿಕೋಟೆ ಬಸ್ಸು ಹತ್ತಿದೆ. ಮಾವ ಹಟ್ಟಿಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಕಾಗದ ತೋರಿಸಿದೆ. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ. ನಾನು ಬರುವ ಮೊದಲೇ ಸುದ್ದಿ ಬಂದಿತ್ತು.

"ಎಂಜಿನೀರ್ಗೆ ಬೈದ್ಯಂತೆ?"

"ಹೂಂ ಮಾವ. ಬಾಯಿಗೆ ಬಂದ ಹಾಗೆ."

"ಟೇಬ್ಲು ಗುದ್ದಿದ್ಯಂತೆ?"

"ಹೂಂ."

ಮಾವ ಹುಲ್ಲಿನ ಹೊರೆ ಅಲ್ಲೇ ಬಿಟ್ಟು ಕೈ ಒರೆಸಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು. ಆಮೇಲೆ ಒಳಗಿನ ಕಡೆ ತಿರುಗಿ, "ಏಯ್, ಮಂಚದ ಮ್ಯಾಲೆ ಜಮಖಾನ ಆಸು!" ಅಂತ ಅತ್ತೆಗೆ ಕೂಗಿ ಹೇಳಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

"ಬನ್ನಿ ಅಳಿಯಂದ್ರೇ," ಅಂದರು, "ಒಳೀಕ್ ಬನ್ನಿ, ಕೂತ್ಕಳಿ."